ಅಳತಿ

ನವನಗರದ ಅಂಗಡ್ಯಾಗ ಹುಡುಗಿ ಟೇಪು ಹಿಡದು
ಹರಡಿಗೊಂದು, ಮೀನಖಂಡಕ್ಕೊಂದು, ತೊಡಿಗೆ ಎರಡು ಸಲ
ಅಳದು ಬರಕೊಂಡ್ಲು. ಜೋರಾಗಿ ಓದಲಿಲ್ಲ.
ಅಷ್ಟಕ್ಕ ಆಕಿ ನನ್ನಾಕಿ ಆದ್ಲು.

ಕಡಿಮಿ ಉಣ್ಣು ಅಂದವರ ಮಾತು ಕೇಳಿ
ಉಪಾಸ ಬಿದ್ದಾಗ ಮಾರಿ ಬಾಡಿತ್ತು,
ಕಾಲು ಬಾಡಿರಲಿಲ್ಲ.
ಲಿಪೆಡೀಮಾ ಅಂತ ಹೆಸರು ಸಿಕ್ಕಿದ್ದು ಹ್ವಾದ ಶ್ರಾವಣದಾಗ.

ಎರಡು ನಮೂನಿ ಬಿಗಿಚೀಲ ಮುಂದಿಟ್ಲು.
ಗುಳೇದಗುಡ್ಡದಾಕಿ ನಾ, ಖಣ ನೇದ ಬೆರಳು:
ತೆಳುವಿಂದು ಮಡಿಕಿ ಬಿದ್ದಲ್ಲೆ ಕಚ್ಚತೈತಿ,
ದಪ್ಪ ಹೆಣಿಕಿದು, ಬೆನ್ನಿಗೆ ಹೊಲಿಗಿ ಇದ್ದದ್ದು, ತಡದು ನಿಲ್ಲತೈತಿ.
ಮುಟ್ಟಿದ್ದಕ್ಕ ತಿಳೀತು. ರೇಟು ಕೇಳಿ ಸುಮ್ನಾದೆ. ಕೊಂಡೆ.

ಮುಂಜಾನೆ ರಬ್ಬರ್ ಗ್ಲೌಸ್ ಹಾಕ್ಕೊಂಡು ಗೇಣುಗೇಣು ಏರಸ್ತೀನಿ,
ಬೈಕೋತ. ಮಗ್ಗದ ಕುಣಿಗಿ ಇಳದ್ರ
ಸಂಜಿತನಕ ಕಾಲು ನನ್ನ ಮಾತು ಕೇಳತಾವ.

ರಾತ್ರಿ ಬಿಚ್ಚಿದ್ರ ತೊಗಲ ಮ್ಯಾಲೆ ಹೆಣಿಕಿ ಅಚ್ಚು.
ಮಲಕಾಜಪ್ಪ ಬಗ್ಗಿ ನೋಡಿ ಕೇಳ್ತಾನ:
ಇದ್ಯಾವ ಖಣ?