ಕುರ್ಚಿಯ ಮೇಲಿನ ಮುಳ್ಳು

ಬನ್ನಿ, ಛತ್ರಿ ಅಲ್ಲೇ ಮೂಲೆಯಲ್ಲಿರಲಿ,
ಕಾಲೊರೆಸಿಕೊಳ್ಳಿ. ಯಾರ್ಕ್‌ಶೈರಿನ ಕೆಸರಿಗೆ ಈ ಜಮಖಾನ ಹೊಸದೇನಲ್ಲ,
ಆದರೂ.
ಇವತ್ತು ಒಟ್ಟು ಏಳೇ ಜನ, ಅವಸರವಿಲ್ಲ.
ನನ್ನ ಹೆಸರು ಎಡ್ನಾ ಸಗ್ಡನ್. ಮಂಗಳವಾರ, ಶುಕ್ರವಾರ
ಈ ಮನೆ ನನ್ನದು.
ಉಳಿದ ದಿನ ಟ್ರಸ್ಟಿನದು.

ಕಟ್ಟಿಸಿದವನು ಜೋಶುವಾ ಹೆಪ್‌ವರ್ತ್, ಉಣ್ಣೆಬಟ್ಟೆ ಗಿರಣಿಯ ಧಣಿ,
ಸಾವಿರದೆಂಟುನೂರ ಅರವತ್ತೆಂಟರಲ್ಲಿ.
ಗೋಡೆಯ ಹಸಿರು ನೋಡಿ, ಕಣ್ಣಿಗೆ ಎಷ್ಟು ತಂಪು!
ಆ ಬಣ್ಣದಲ್ಲಿ ಪಾಷಾಣವಿದೆ.
ಪುಟ್ಟಾ, ನೆಕ್ಕಬೇಡ.
(ಇದು ನಗುವ ಜಾಗ. ಎಲ್ಲರೂ ನಗುತ್ತಾರೆ.)

ಗಾಜಿನ ಗುಮ್ಮಟದೊಳಗೆ ಹನ್ನೊಂದು ಹಕ್ಕಿ,
ಹೊಟ್ಟೆಯಲ್ಲಿ ಮರದ ಪುಡಿ,
ಹಾಡಲೆಂದು ತೆರೆದ ಬಾಯಿ ತೆರೆದೇ ಇದೆ.
ಈ ಬ್ರೂಚಿನಲ್ಲಿ ಹೆಣೆದಿರುವುದು ರೇಷ್ಮೆಯಲ್ಲ,
ಐದನೇ ವರ್ಷಕ್ಕೆ ಗಂಟಲುಮಾರಿ ಒಯ್ದ ಮಗಳ ಕೂದಲು.
ಲೆಟಿಷಿಯಾ ಅಂತ. ತಾಯಿ ಅದನ್ನು ಎದೆಗೆ ಚುಚ್ಚಿಕೊಂಡೇ
ಮೂವತ್ತು ವರ್ಷ ಬಂದವರಿಗೆಲ್ಲ ಟೀ ಬಗ್ಗಿಸಿದಳು.
ಧಣಿಗಳ ಮನೆಗೂ ಸಾವು ಕೇಳದೆ ಬರುತ್ತಿತ್ತು,
ಅಷ್ಟನ್ನು ನಾನು ಒಪ್ಪುತ್ತೇನೆ.

ಇನ್ನು ಈ ಕುರ್ಚಿ. ಕೆಂಪು ಮಖಮಲ್ಲು, ಒಳಗೆ ಕುದುರೆಯ ಜೂಲು.
ಮೇಲಿಟ್ಟಿರುವುದು ಏನೆಂದಿರಾ?
ಒಣಗಿದ ಮುಳ್ಳುಹೂ. ಟೀಸಲ್ ಅನ್ನುತ್ತೇವೆ.
‘ಕೂರಬೇಡಿ’ ಎಂದು ಬೋರ್ಡು ತಗುಲಿಸಿದರೆ
ಇಂಥ ಮನೆಗೆ ಶೋಭಿಸುವುದಿಲ್ಲವಂತೆ. ಹಾಗಾಗಿ ಮುಳ್ಳು.
ಮುಳ್ಳಿಗೆ ಎಲ್ಲ ಭಾಷೆಯೂ ಬರುತ್ತದೆ.

ಇಲ್ಲಿಂದ ಮುಂದಿನದು ಟ್ರಸ್ಟು ಕೊಟ್ಟ ಹಾಳೆಯಲ್ಲಿಲ್ಲ.

ಕೆಳಗೆ ಹೊಳೆಯ ದಂಡೆಯಲ್ಲಿ, ಈಗ ಫ್ಲ್ಯಾಟುಗಳಾಗಿವೆಯಲ್ಲ,
ಅದೇ ಗಿರಣಿ. ಅಲ್ಲಿ ನನ್ನಜ್ಜಿಯ ತಾಯಿ ಕೆಜಾಯಾ,
ಹನ್ನೆರಡರ ಹುಡುಗಿ, ಬೆಳಗಿನಿಂದ ಬೈಗಿನ ತನಕ
ಕಬ್ಬಿಣದ ಚೌಕಟ್ಟಿಗೆ ಇವೇ ಮುಳ್ಳುಹೂಗಳನ್ನು ಸಾಲಾಗಿ ಸಿಕ್ಕಿಸುತ್ತಿದ್ದಳು.
ಚೌಕಟ್ಟು ಉರುಳೆಗೆ. ಉರುಳೆ ತಿರುಗಿತೆಂದರೆ
ಒದ್ದೆ ಬಟ್ಟೆಯ ಮೈ ಕೆರೆದು ಕೆರೆದು
ನವಿರೇಳುತ್ತಿತ್ತು, ಮೊಲದ ಕಿವಿಯಷ್ಟು ಮೆತ್ತಗೆ.
ಉಕ್ಕಿನ ಮುಳ್ಳೂ ಮಾಡಿ ನೋಡಿದರಂತೆ, ಬಟ್ಟೆ ಹರಿಯಿತು.
ಇದು ಹಾಗಲ್ಲ. ಗಂಟು ಸಿಕ್ಕಿದರೆ ತಾನೇ ಮುರಿಯುತ್ತದೆ,
ನೂಲನ್ನು ನೋಯಿಸುವುದಿಲ್ಲ.
ಬೆರಳಿನ ಮಾತು ಬೇರೆ.
‘ಅಮ್ಮ ಕೆನ್ನೆ ಸವರಿದರೆ ಗರಗರ ಎನ್ನುತ್ತಿತ್ತು,
ನಾನು ಮುಖ ತಿರುಗಿಸುತ್ತಿದ್ದೆ’ ಎನ್ನುತ್ತಿದ್ದಳು ಅಜ್ಜಿ.
ಕೊನೆಗಾಲದಲ್ಲಿ, ಬೇರೆಲ್ಲ ಮರೆತ ಮೇಲೂ,
ಅದೊಂದನ್ನೇ ಹೇಳುತ್ತಿದ್ದಳು.

ಕೆಜಾಯಾ ಈ ಮನೆಗೆ ಬಂದದ್ದು ಒಂದೇ ಸಲ, ಹಿಂಬಾಗಿಲಿಗೆ.
ಧಣಿಗೆ ಐವತ್ತು ತುಂಬಿದ ದಿನ ಗಿರಣಿಯವರಿಗೆಲ್ಲ
ಒಂದೊಂದು ಬನ್ನು, ಒಂದೊಂದು ಕಿತ್ತಳೆ.
ಕಿತ್ತಳೆಯ ರಸ ಬೆರಳ ಗೀರುಗಳಿಗಿಳಿದು ಉರಿಯಿತಂತೆ.
ಬಿಟ್ಟಳೇ? ತಿಂದಳು, ಸಿಪ್ಪೆ ಸಮೇತ.

ಸಿಟ್ಟಿಲ್ಲವೇ ಎಂದಿರಾ, ಕರಿ ಕೋಟಿನವರೇ?
ಇಲ್ಲವೆಂದಲ್ಲ. ಹಿತ್ತಾಳೆ ಹಿಡಿಗಳನ್ನು ಉಜ್ಜುವಾಗ
ಒಂದಿಷ್ಟು ಖರ್ಚಾಗುತ್ತದೆ.
ಪ್ರೀತಿಯೂ ಇದೆ, ನಾಚಿಕೆಗೆಟ್ಟ ಪ್ರೀತಿ:
ಬಿಸಿಲಿದ್ದ ದಿನ ನಾಲ್ಕರ ಹೊತ್ತಿಗೆ
ಬಣ್ಣದ ಗಾಜಿನಿಂದಿಳಿದ ಬೆಳಕು
ಮೆಟ್ಟಿಲ ಮೇಲೆ ನೇರಳೆಯಾಗಿ ಬೀಳುತ್ತದೆ.
ಯಾರ ದುಡ್ಡು ಎಂದು ಅದೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.
ಒಂದು ನಿಮಿಷ, ಅಷ್ಟೇ.

ಐದಕ್ಕೆ ಪರದೆ ಇಳಿಸಿ ಬೀಗ ಹಾಕುತ್ತೇನೆ.
ಅದಕ್ಕೂ ಮುಂಚೆ ಏನು ಮಾಡುತ್ತೀರಿ ಎನ್ನುತ್ತಿದೆ ಮಗು.
ಹತ್ತಿರ ಬಾ, ಯಾರಿಗೂ ಹೇಳಬೇಡ.
ಮುಳ್ಳುಹೂವನ್ನೆತ್ತಿ ಮಡಿಲಲ್ಲಿಟ್ಟುಕೊಂಡು
ಕೂರುತ್ತೇನೆ.
ಕುರ್ಚಿ ಅಂಥಾದ್ದೇನೂ ಅಲ್ಲ, ಸೊಂಟಕ್ಕೆ ಒತ್ತುತ್ತದೆ.
ಕೆನ್ನೆಗೊಮ್ಮೆ ಈ ಮುಳ್ಳನ್ನು ಸವರಿಕೊಳ್ಳುತ್ತೇನೆ.
ಮುಖ ತಿರುಗಿಸುವುದಿಲ್ಲ.

ಬನ್ನಿ, ಅಡುಗೆಮನೆ ಕೆಳಗಿದೆ. ತಲೆ ಜೋಪಾನ,
ಆ ಬಾಗಿಲನ್ನು ಕೆಲಸದವರ ಅಳತೆಗೆ ಇಡಿಸಿದ್ದಾರೆ.