ಒಳಪದರ

ಶಿವಾಜಿನಗರದಲ್ಲಿ ಬೆಳಕು ಹರಿಯುವ ಮುನ್ನ
ಖುದ್ದೂಸ್ ಭಾಯಿ ಕುರಿಯ ಹೃದಯವನ್ನು
ನನ್ನ ಐಸಿನ ಫ್ಲಾಸ್ಕಿಗೆ ಇಳಿಸುತ್ತಾ
ದಿನಾ ಕೇಳುತ್ತಾರೆ: "ನಿಜ ಹೇಳಿ ಮೇಡಂ, ಸಾರು ಮಾಡಲ್ವಾ?"

ಮಾಡಲ್ಲ. ಉಂಗುರದಷ್ಟು ನಾಳ ಕತ್ತರಿಸಿ
ಎರಡು ಕೊಕ್ಕೆಗಳ ನಡುವೆ
ಬೆಚ್ಚಗಿನ ಉಪ್ಪುನೀರಲ್ಲಿ ತೂಗುಹಾಕುತ್ತೇನೆ.
ಕುರಿ ಸತ್ತು ಮೂರು ಗಂಟೆಯಾದರೂ
ಒಂದು ಮದ್ದಿಗೆ ಅದು ಬಿಗಿಯುತ್ತದೆ,
ಇನ್ನೊಂದರ ಹನಿಗೆ
ಉಸ್ಸೆಂದು ಸಡಿಲ.

ನಿನ್ನೆ ಸಡಿಲಾಗಲಿಲ್ಲ.
ಚಿಮುಟ ಒಳಗೆ ಉಜ್ಜಿತ್ತು.
ಒಂದೇ ಕೋಶದ ದಪ್ಪದ ಪದರ, ಕಿತ್ತುಹೋಗಿತ್ತು.
ಸ್ನಾಯು ಇತ್ತು, ಮದ್ದೂ ಇತ್ತು,
"ಸಾಕು, ಬಿಡು" ಅನ್ನುವವರಿರಲಿಲ್ಲ.

ಆ ಮಾತಾದರೂ ಎಂಥದು? ಒಂದು ಅನಿಲ.
ಕೆಲವು ಕ್ಷಣ ಬದುಕಿ
ಪಕ್ಕದ ಮನೆಯ ಕದ ದಾಟಿ ಇಲ್ಲವಾಗುತ್ತದೆ.
ಹೊರಗೆ ಬಸ್‌ಸ್ಟ್ಯಾಂಡಿನ ಹೊಗೆಯಲ್ಲೂ ಅದೇ ಇದೆ;
ಅಲ್ಲಿ ಕೆಮ್ಮಿಸುತ್ತದೆ.

ಇವತ್ತು ಅಂಗಡಿಯಲ್ಲಿ ಮಗ ಇದ್ದ.
"ಅಬ್ಬಾಗೆ ರಾತ್ರಿ ಎದೆ ಹಿಡ್ಕೊಂಡಿತ್ತು.
ನಾಲಿಗೆ ಕೆಳಗೆ ಗುಳಿಗೆ ಇಟ್ಟಮೇಲೆ ಬಿಡ್ತು."
ಬಿಡು ಎಂದದ್ದು ಯಾರು ಅಂತ ನಾನು ಹೇಳಲಿಲ್ಲ.
ಹುಡುಗ ಹೃದಯವನ್ನು ಬುಡದಿಂದ ಎತ್ತಿದ,
ನಾಳಕ್ಕೆ ಬೆರಳು ತಾಗಿಸದೆ,
ಯಾರೋ ಮೊದಲೇ ಹೇಳಿಕೊಟ್ಟ ಹಾಗೆ.