ಚಿರುಂಡು ಸುಂಕದ ಕಟ್ಟೆ

ಸುಂಕದವರ ಮುಂದೆ ಸುಖದುಃಖ ಹೇಳಬಾರದು.
ಆದರೂ ಹೇಳುತ್ತಾರೆ.
ಹನ್ನೆರಡು ವರ್ಷದಿಂದ ಈ ಕಿಟಕಿಯ ಕಂಡಿಯಲ್ಲಿ
ಕಾಗದದ ಜೊತೆ ಒಳಗೆ ತೂರಿ ಬರುವುದು ಅದೇ:
ಮಗುವಿನ ಜ್ವರ, ಒಡೆದ ಟೈರು,
ನದಿಯಾಚೆ ವರನಿಲ್ಲದೆ ಕಾದಿರುವ ಮದುವೆ.
ನನ್ನ ಹೆಸರು ಚೋಲ್ವೆ. ನಮ್ಮ ಮಾತಿನಲ್ಲಿ ಅದೃಷ್ಟ ಅಂತ.
ಕೇಳಿದವರು ನಗುತ್ತಾರೆ. ನಾನು ಮುದ್ರೆ ಒತ್ತುತ್ತೇನೆ.

ಬಡಗಣದಿಂದ ತಾಮ್ರ ಬರುತ್ತದೆ,
ಹಲಗೆ ಹಲಗೆಯಾಗಿ, ಉಕ್ಕಿನ ಪಟ್ಟಿ ಬಿಗಿದುಕೊಂಡು,
ಮೂವತ್ತು ಟನ್ನಿನ ಮೇಲೊಂದು ಹರಕು ಟಾರ್ಪಾಲು.
ಸಂಜೆ ಬಿಸಿಲು ಅಂಚಿಗೆ ತಾಗಿದರೆ
ಥೇಟು ನಮ್ಮಜ್ಜಿಯ ಬಳೆ.
ತೂಕದ ಸೇತುವೆ ನರಳುತ್ತದೆ, ಅಂಕಿ ನಡುಗಿ ನಿಲ್ಲುತ್ತದೆ,
ತೂಕ ನಾನು ಬರೆಯುತ್ತೇನೆ.
ಬೆಲೆ ಮಾತ್ರ ನಾನು ಕಾಣದ ಊರಿನಲ್ಲಿ
ಬೆಳಗಿನ ಕಾಫಿಗೆ ಮುಂಚೆ ಯಾರೋ ಹೇಳುತ್ತಾರೆ.

ಆರು ತಿಂಗಳಿಗೆ ಅದೇ ತಾಮ್ರ
ತೆಂಕಣ ಸಾಲಿನಲ್ಲಿ ಬಂದು ನಿಲ್ಲುತ್ತದೆ.
ಈಗ ತಂತಿ. ಈಗ ಮೈಮೇಲೆ ಕೆಂಪು ಹಸಿರು ಅಂಗಿ,
ಈಗ ಅದಕ್ಕೊಂದು ಕಂಪನಿಯ ಹೆಸರು.
ಶೇಕಡಾ ಇಪ್ಪತ್ತೈದು, ಎನ್ನುತ್ತೇನೆ,
ತವರಿಗೆ ಬಂದ ಮಗಳ ಹತ್ತಿರ
ಹೊಸ್ತಿಲ ಬಾಡಿಗೆ ಕೇಳಿದ ಹಾಗೆ.

ರಸ್ತೆ ಮಾಡಿದ್ದು ಸಾಲದಲ್ಲಿ.
ನನ್ನ ತಮ್ಮ ಮೂನ್ಗಾ ಅದಕ್ಕೆ ಜಲ್ಲಿ ಹೊತ್ತ,
ಎಂಟು ತಿಂಗಳು, ಹಳದಿ ಟೋಪಿ ಹಾಕಿಕೊಂಡು.
ಈಗ ಅದೇ ರಸ್ತೆಯಲ್ಲಿ ಮಿನಿಬಸ್ ಓಡಿಸುತ್ತಾನೆ,
ತಾನೇ ಹಾಕಿದ ಜಲ್ಲಿಗೆ ದಿನಕ್ಕೆರಡು ಸಲ ಟೋಲು ಕಟ್ಟುತ್ತಾನೆ.
ಸಾಲ ಒಟ್ಟು ಎಷ್ಟಂತೆ ಅಕ್ಕ, ಎಂದ ಒಮ್ಮೆ.
ಕೊಟ್ಟವರ ಲೆಕ್ಕದಲ್ಲಿ ಒಂದು, ತಂದವರ ಲೆಕ್ಕದಲ್ಲಿ ಇನ್ನೊಂದು,
ರೇಡಿಯೋದಲ್ಲಿ ಮೂರನೆಯದು.
ನನಗೆ ಗೊತ್ತಿರುವುದು ಸಂಬಳದ ಚೀಟಿ:
ಅಲ್ಲಿ ಮೊದಲು ತೆರಿಗೆ ಉಂಡೇಳುತ್ತದೆ,
ನನ್ನದು ಎರಡನೇ ಪಂಕ್ತಿ.

ಮಾರ್ಚಿನಿಂದ ಹೊರಗಿನ ಈರುಳ್ಳಿಗೆ ನಿಷೇಧ.
ಹಿತ್ತಲ ಗಿಡವೇ ಮದ್ದು ಎಂದು ಈ ಸಲ
ಗೆಜೆಟ್ಟೇ ಬರೆದಿದೆ. ಒಳ್ಳೆಯದೇ.
ಲುಸಿಟುವಿನಲ್ಲಿ ಸೋದರಮಾವ ಅರ್ಧ ಎಕರೆ ಹಾಕಿದ್ದಾನೆ,
ಅವನ ಹೊಲಕ್ಕೆ ನಾನೇ ಬೇಲಿ.
ಆದರೆ ಗಿಡ ಇನ್ನೂ ಬೆರಳುದ್ದ,
ಸಂತೆಯಲ್ಲಿ ಒಂದು ಗಡ್ಡೆಗೆ ಮೊಟ್ಟೆ ಎರಡರ ಬೆಲೆ.

ಮಾಯ್ ರುತೆಂದೊ ಗುರುವಾರ ಗುರುವಾರ
ಜಾಂಬೆಜಿಯ ಸೇತುವೆ ದಾಟಿ ನಡೆದು ಬರುತ್ತಾಳೆ.
ಚಿತೆಂಗೆಯ ಒಳಗೆ ಏಳು ತಿಂಗಳ ಬಸುರು.
ಫೆಬ್ರವರಿಯಲ್ಲಿ ಇರಲಿಲ್ಲ.
ಏಪ್ರಿಲ್ಲಿಗೆ ಏಳು, ಜೂನಿಗೂ ಏಳೇ.
ಗೊತ್ತಿತ್ತು. ಕಾಗದ ನೋಡುತ್ತ ಕೂತೆ, ಹೊಟ್ಟೆ ನೋಡಲಿಲ್ಲ.
ಆ ದಿನ ಸಾಹೇಬರು ಹಿಂದೆಯೇ ನಿಂತಿದ್ದರು,
ಗಂಟು ಸಡಿಲಿತು.

ಟಪಟಪ ಉದುರಿದವು ಸಿಮೆಂಟಿನ ಮೇಲೆ,
ಲಾರಿ ಚಾಲಕರು ಸೀಟಿ ಹೊಡೆದರು.
ಮಾಯ್ ಅಳಲಿಲ್ಲ, ಕಾಲಿಗೆ ಬೀಳಲಿಲ್ಲ,
ಮಕ್ಕಳೆಷ್ಟು ಎಂದು ಹೇಳಲಿಲ್ಲ.
ರಸೀದಿ ಕೊಡು, ಎಂದಳು.
ಬರೆದುಕೊಟ್ಟೆ: ಈರುಳ್ಳಿ, ನಾಲ್ಕು ಕಿಲೋ ಮುನ್ನೂರು,
ವಶ. ನಾಶಪಡಿಸತಕ್ಕದ್ದು.

ನಿಯಮದ ಪ್ರಕಾರ ಹಿಂದಿನ ಗುಂಡಿಯಲ್ಲಿ
ವಾರದ ಮಾಲಿನ ಜೊತೆ ಡೀಸೆಲ್ ಸುರಿದು ಕಡ್ಡಿ ಗೀರಿದೆವು.
ಮೊದಲು ಡೀಸೆಲ್ಲಿನ ಹೊಗೆ.
ಆಮೇಲೆ, ಏನು ಹೇಳಲಿ,
ಗಡಿಯುದ್ದಕ್ಕೂ ಒಗ್ಗರಣೆ.
ಮೂರು ದಿನದಿಂದ ಸಾಲಿನಲ್ಲಿ ಬ್ರೆಡ್ಡು ನೆನೆಸಿ ತಿಂದವರು
ಕ್ಯಾಬಿನ್ನಿನಿಂದ ತಲೆ ಹೊರಹಾಕಿದರು.
ತಾಮ್ರದ ಲಾರಿಯವನೊಬ್ಬ ಕೂಗಿದ,
ಅಮ್ಮಾ, ಇವತ್ತು ಸರ್ಕಾರದ ಮನೆಯಲ್ಲಿ ಏನಡುಗೆ?
ಸಾಹೇಬರ ಗಂಟಲೂ ಅಲ್ಲಾಡಿದ್ದನ್ನು ಕಂಡೆ.

ಪಾಳಿ ಮುಗಿಸಿ ಹೊರಟಾಗ
ತೂಕದ ಸೇತುವೆಯ ಸಂದಿನಲ್ಲಿ ಒಂದು ಗಡ್ಡೆ,
ಉರುಳಿ ಬಂದು ಸಿಕ್ಕಿಕೊಂಡಿತ್ತು.
ಮೇಲಿನ ಫಲಕದಲ್ಲಿ ಸೊನ್ನೆ, ಸೊನ್ನೆ, ಸೊನ್ನೆ.
ಇಪ್ಪತ್ತು ಕಿಲೋಗೆ ಕೆಳಗಿನದು
ಆ ಯಂತ್ರಕ್ಕೆ ಕಾಣುವುದಿಲ್ಲ.